ಅಂಬೆಯ ಹಗೆ ಭೀಷ್ಮನ ಮೇಲೆಯೇ ಯಾಕೆ? ಸಾಲ್ವ ಹೇಗೆ ಪಾರಾದ?

ನೀರ್ಚಾಲಿನ ಟೀಚರ್
ಮಳೆಗಾಲದ ಆಟಿ ತಿಂಗಳು ಬಂತು, ನಮ್ಮ ಕಡೆ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಶುರು. ನಮ್ಮ ಮಹಿಳಾ ತಂಡದವರು ಈ ಸಲ ‘ಭೀಷ್ಮ ವಿಜಯ’ ಪ್ರಸಂಗ ಅಂತ ನಿಶ್ಚಯ ಮಾಡಿದ್ದೇವೆ. ಅಂಬೆಯ ಅರ್ಥ, ಅಂದರೆ ಅವಳ ಪಾತ್ರದ ಮಾತು, ನನ್ನ ತಲೆಗೆ ಬಂದಿದೆ. ಇದುವರೆಗೆ ನಾನು ಹೇಳಿದ್ದು ವಿದುರ, ಕೃಷ್ಣ, ಜಾಸ್ತಿ ಅಂದರೆ ಸುಧನ್ವನ ಹೆಂಡತಿ ಪ್ರಭಾವತಿ. ಇಷ್ಟು ಕಹಿ ತುಂಬಿದ ಪಾತ್ರವನ್ನು ಮುಟ್ಟಿದವಳೇ ಅಲ್ಲ.

ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಕಾಶೀರಾಜನ ದೊಡ್ಡ ಮಗಳು ಮನಸ್ಸು ಕೊಟ್ಟದ್ದು ಸಾಲ್ವನಿಗೆ. ಭೀಷ್ಮ ಸ್ವಯಂವರಕ್ಕೆ ನುಗ್ಗಿ ಅಕ್ಕತಂಗಿಯರು ಮೂವರನ್ನೂ ರಥ ಹತ್ತಿಸಿ ತಂದ, ಸರಿ. ಆದರೆ ವಿಷಯ ಗೊತ್ತಾದ ಮೇಲೆ ಮರ್ಯಾದೆಯಿಂದಲೇ ಕಳಿಸಿಕೊಟ್ಟ. ‘ನೀನು ಬೇಡ’ ಅಂದವನು ಸಾಲ್ವ. ಎದೆ ಒಡೆದವನು ಒಬ್ಬ, ಹಗೆ ಇನ್ನೊಬ್ಬನ ಮೇಲೆ! ಜನ್ಮ ಬದಲಾದರೂ ಅವಳಿಗೆ ಬೇಕಾದದ್ದು ಭೀಷ್ಮನ ಪ್ರಾಣ.

ಇದನ್ನು ಸಭೆಯಲ್ಲಿ ಕೂತು ಹೇಗೆ ಸಮರ್ಥಿಸಲಿ? ಭೀಷ್ಮನ ಅರ್ಥ ಹೇಳುವವರು ವಕೀಲೆ ಬೇರೆ. ‘ಅಮ್ಮಾ, ನಿನ್ನ ದೂರು ತಪ್ಪು ವಿಳಾಸಕ್ಕೆ ಬಂದಿದೆ’ ಅಂತ ಒಂದೇ ಮಾತಿಗೆ ಕೇಸು ಮುಗಿಸಿಬಿಟ್ಟಾರು. ಗೊತ್ತಿದ್ದವರು ಹೇಳಿ.

ಮುಳ್ಳೇರಿಯದವ
ಸಾಲ್ವ ಪುಕ್ಕಲ. ಪುಕ್ಕಲನ ಮೇಲೆ ಯಾರಾದರೂ ಹಗೆ ಸಾಧಿಸುತ್ತಾರಾ? ಥೂ ಅಂತ ಬಿಟ್ಟುಬಿಡುತ್ತಾರೆ. ಅಷ್ಟೆ, ಇಷ್ಟಕ್ಕೆ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ ಟೀಚರೇ.

ಪಯಸ್ವಿನಿ ದಂಡೆ
ಮುಳ್ಳೇರಿಯದವರೇ, ಅಷ್ಟು ಬೇಗ ಮುಗಿಸಬೇಡಿ. ಸಾಲ್ವನಿಗೆ ಏನೂ ಆಗಲಿಲ್ಲ ಅನ್ನುವುದು ನಮ್ಮ ಪ್ರಸಂಗದ ಓಟದಲ್ಲಿ ಹಾಗೆ ಕಾಣುವುದು. ವ್ಯಾಸ ಭಾರತದಲ್ಲಿ ಈ ಕಥೆ ವಿಸ್ತಾರವಾಗಿ ಇರುವುದು ಉದ್ಯೋಗಪರ್ವದ ಕೊನೆಗೆ, ಅಂಬೋಪಾಖ್ಯಾನ ಅಂತ. ಅದರಲ್ಲಿ ಸಾಲ್ವನ ಊರಿಂದ ಹೊರಬೀಳುವಾಗ ಅಂಬೆ ಒಬ್ಬೊಬ್ಬರನ್ನೇ ಹಿಡಿದು ಧಿಕ್ಕರಿಸುತ್ತಾಳೆ. ಭೀಷ್ಮನಿಗೆ ಧಿಕ್ಕಾರ. ಗೆದ್ದವನಿಗೆ ಮಗಳು ಅಂತ ಪಣಕ್ಕಿಟ್ಟ ಬುದ್ಧಿಗೇಡಿ ಅಪ್ಪನಿಗೆ ಧಿಕ್ಕಾರ. ಸಾಲ್ವನಿಗೆ ಧಿಕ್ಕಾರ, ವಿಧಿಗೆ ಧಿಕ್ಕಾರ. ಯುದ್ಧ ನಡೆಯುತ್ತಿದ್ದಾಗಲೇ ರಥದಿಂದ ಹಾರಿ ಸಾಲ್ವನ ಕಡೆಗೆ ಓಡದ ನನಗೂ ಧಿಕ್ಕಾರ ಅನ್ನುತ್ತಾಳೆ. ಪಟ್ಟಿ ಪೂರ್ತಿ ಮಾಡಿದ ಮೇಲೆ ಲೆಕ್ಕ ಹಾಕುತ್ತಾಳೆ, ಇದೆಲ್ಲದರ ಬುಡ ಎಲ್ಲಿ? ಭೀಷ್ಮನಲ್ಲಿ.

ಅಂದರೆ ಕುರುಡು ಸಿಟ್ಟಲ್ಲ ಅದು. ಎಲ್ಲರನ್ನೂ ಕಟಕಟೆಗೆ ಹತ್ತಿಸಿ, ಒಬ್ಬೊಬ್ಬರನ್ನೇ ಇಳಿಸಿ, ಕೊನೆಗೆ ಉಳಿದವನನ್ನು ಹಿಡಿದದ್ದು. ನಿಮ್ಮ ವಕೀಲೆಗೆ ಇದು ಹಿಡಿಸಬಹುದು!

ಇನ್ನೊಂದು. ಸಾಲ್ವ ಅಲ್ಲಿ ನೇರವಾಗಿ ಒಪ್ಪಿಕೊಳ್ಳುತ್ತಾನೆ, ‘ನನಗೆ ಭೀಷ್ಮನ ಹೆದರಿಕೆ, ನೀನು ಅವನು ಹಿಡಿದು ತಂದವಳು, ಹೋಗು ಹೋಗು’ ಅಂತ. ಪ್ರೀತಿಸಿದವನ ಬಾಯಿಂದಲೇ ಭೀಷ್ಮನ ಹೆಸರು ಬಂತಲ್ಲ. ಅವಳ ಕಿವಿಯಲ್ಲಿ ಉಳಿದದ್ದು ಅದೇ ಇರಬೇಕು.

ಮುಳ್ಳೇರಿಯದವ
ಅದನ್ನೇ ಅಲ್ವಾ ನಾನೂ ಹೇಳಿದ್ದು. ಪುಕ್ಕಲ.

ಚೆಂಡೆ ಪೆಟ್ಟು
ಟೀಚರೇ, ಟೀವಿ ಧಾರಾವಾಹಿ ನೋಡಿ ಪಾತ್ರ ಕಟ್ಟಬೇಡಿ ಅಂತ ಒಂದೇ ವಿನಂತಿ. ಈಗೀಗ ಎಲ್ಲ ಕಡೆ ಅಂಬೆಗೆ ಭೀಷ್ಮನ ಮೇಲೆಯೇ ಒಳಗೊಳಗೆ ಪ್ರೀತಿ ಇತ್ತು ಅನ್ನುವ ಒಗ್ಗರಣೆ. ಅದಕ್ಕೇ ಅಷ್ಟು ಹಗೆ ಅಂತೆ. ಕೇಳಿ ಕೇಳಿ ಸಾಕಾಗಿದೆ.

ಬಾಯಾರಿನ ಭಾವ
ಚೆಂಡೆಯವರೇ, ಆ ಒಗ್ಗರಣೆ ಟೀವಿಯವರದ್ದು ಮಾತ್ರ ಅಲ್ಲ. ನಮ್ಮ ತಾಳಮದ್ದಳೆ ಕೂಟಗಳಲ್ಲೂ ಅಂಬೆ ಭೀಷ್ಮನ ಹತ್ತಿರ ವಾಪಸು ಬಂದು ‘ನೀನೇ ನನ್ನನ್ನು ಕೈಹಿಡಿ’ ಅಂತ ವಾದಿಸುವುದೇ ಮುಖ್ಯ ಭಾಗ ಅಲ್ವಾ? ಆ ಸಂವಾದಕ್ಕೆ ಅಂತಲೇ ಜನ ಬರುವುದು. ಅದನ್ನು ತೆಗೆದರೆ ‘ಭೀಷ್ಮ ವಿಜಯ’ದಲ್ಲಿ ಉಳಿಯುವುದು ಪರಶುರಾಮನ ಬಿಲ್ಲು ಬಾಣ.

ಪಯಸ್ವಿನಿ ದಂಡೆ
ಹೌದು ಭಾವ. ಆದರೆ ಉದ್ಯೋಗಪರ್ವದಲ್ಲಿ ಅವಳು ತಾನಾಗಿ ಭೀಷ್ಮನ ಬಾಗಿಲಿಗೆ ವಾಪಸು ಹೋಗುವುದಿಲ್ಲ. ಸಾಲ್ವನ ಊರಿಂದ ನೇರ ಋಷಿಗಳ ಆಶ್ರಮಕ್ಕೆ ಹೋಗುತ್ತಾಳೆ. ಇವಳನ್ನು ಸ್ವೀಕರಿಸು ಅಂತ ಭೀಷ್ಮನಿಗೆ ಹೇಳುವವನು ಪರಶುರಾಮ. ಆಗ ಕುರುಕ್ಷೇತ್ರದಲ್ಲಿ ಗುರುಶಿಷ್ಯರ ಯುದ್ಧ, 23 ದಿನ. ಯಾರೂ ಗೆಲ್ಲಲಿಲ್ಲ, ದೇವತೆಗಳು ನಾರದರು ಎಲ್ಲ ಬಂದು ಬಿಡಿಸಬೇಕಾಯಿತು. ಕೊನೆಗೆ ಪರಶುರಾಮ ಕೈಚೆಲ್ಲಿ, ‘ನನ್ನಿಂದ ಇಷ್ಟೇ ಆಗುವುದು, ನೀನು ಭೀಷ್ಮನಿಗೇ ಶರಣಾಗು’ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ‘ಅವನ ಹತ್ತಿರ ಮತ್ತೆ ಹೋಗುವುದಿಲ್ಲ, ಅವನನ್ನು ನಾನೇ ಕೆಡವುವ ದಾರಿ ನೋಡುತ್ತೇನೆ’ ಅಂತ ತಪಸ್ಸಿಗೆ ಹೊರಡುತ್ತಾಳೆ.

ಪ್ರೀತಿ ಬಚ್ಚಿಟ್ಟವಳು ಆಗ ಹೋಗಬಹುದಿತ್ತು. ಹೋಗಲಿಲ್ಲ.

ಉಪ್ಪಳದ ಕಾಲೇಜು ಹುಡುಗಿ
ನನಗೊಂದು ಡೌಟು. ಅಂಬೆ ಹೊಸ ಜೀವನ ಶುರು ಮಾಡಬಹುದಿತ್ತು ತಾನೇ? ಇಷ್ಟೊಂದು ವರ್ಷ ಒಬ್ಬನನ್ನು ದ್ವೇಷಿಸುತ್ತಾ ಕೂತರೆ ನಷ್ಟ ಯಾರಿಗೆ? ನಮ್ಮ ಹಾಸ್ಟೆಲಲ್ಲಿ ಹೀಗೆ ಒಬ್ಬಳಿದ್ದಳು, ಬ್ರೇಕಪ್ ಆದಮೇಲೆ ಪೂರ್ತಿ ಮಂಕು. ಮೆಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ, ಎಲ್ಲದಕ್ಕೂ ಕುಟುಕು ಮಾತು.

ಪಯಸ್ವಿನಿ ದಂಡೆ
ಯಾವ ಹೊಸ ಜೀವನ ತಂಗೀ? ಆಶ್ರಮದವರು ಹೇಳಿದ್ದೇ ಅದು, ಅಪ್ಪನ ಮನೆಗೆ ಹೋಗು ಅಂತ. ಅಲ್ಲಿ ನೆಂಟರಿಷ್ಟರ ಎದುರು ತಲೆ ಎತ್ತಲಿಕ್ಕಾಗುವುದಿಲ್ಲ ಅಂದಳು. ಭೀಷ್ಮ ಕಳಿಸಿಕೊಟ್ಟಾಗಿತ್ತು, ಸಾಲ್ವ ಬೇಡ ಅಂದಾಗಿತ್ತು. ಇಬ್ಬರು ತಂಗಿಯರಿಗೆ ಮದುವೆ ಆಗಿ ಹೋಗಿತ್ತು.

ಉಪ್ಪಳದ ಕಾಲೇಜು ಹುಡುಗಿ
ಅಯ್ಯೋ ಪಾಪ. ಆದರೂ...

ಕುಂಬಳೆ ಪೇಟೆ
ಸಿರಿಯ ಪಾಡ್ದನ, ಅಂದರೆ ತುಳುವಿನ ಹಾಡುಗಥೆ, ಕೇಳಿದ್ದೀರಾ ಯಾರಾದರೂ? ನಮ್ಮ ತುಳುವರಲ್ಲಿ ಗಂಡಸಿನಿಂದ ಮನಸ್ಸು ಮುರಿದುಕೊಂಡ ಹೆಣ್ಣು ಅಂದರೆ ಮೊದಲು ನೆನಪಾಗುವವಳು ಸಿರಿ. ಬಸುರಿ ಹೆಂಡತಿಯ ಬಯಕೆಗೆ ಅಂತ ಗಂಡ ಕಾಂತು ಪೂಂಜ ಸೀರೆ ತರುತ್ತಾನೆ. ದಾರಿಯಲ್ಲಿ ಸಿದ್ದು ಅನ್ನುವವಳ ಮನೆಗೆ ಹೊಕ್ಕು, ಅವಳು ಉಟ್ಟು ಬಿಟ್ಟ ಸೀರೆಯನ್ನೇ ತಂದು ಸಿರಿಗೆ ಕೊಡುತ್ತಾನೆ. ಸಿರಿಗೆ ಗೊತ್ತಾಗಿಬಿಡುತ್ತದೆ, ತುಂಬಿದ ಮನೆಯಲ್ಲಿ ಆ ಸೀರೆ ಬೇಡ ಅನ್ನುತ್ತಾಳೆ. ಆಮೇಲೆ ಅಜ್ಜ ತೀರಿಹೋದಾಗ, ಆಸ್ತಿಯ ತಗಾದೆಯಲ್ಲಿ, ಗಂಡ ಅವಳ ಪರ ನಿಲ್ಲಲಿಲ್ಲ. ಅವಳೇ ಅವನನ್ನು ಬಿಟ್ಟಳು. ಶಾಪ ಹಾಕಿದಳು, ಹೊರಟಳು, ಮತ್ತೆ ಕೊಡ್ಸರಾಳ್ವನನ್ನು ಮದುವೆಯೂ ಆದಳು.

ಅಂಬೆಗೂ ಸಿಟ್ಟು, ಸಿರಿಗೂ ಸಿಟ್ಟು. ಒಬ್ಬಳು ಸಿಟ್ಟನ್ನು ದಾರಿಯಲ್ಲಿ ಇಳಿಸಿ ಮುಂದೆ ನಡೆದಳು. ಇನ್ನೊಬ್ಬಳು ಮುಂದಿನ ಜನ್ಮಕ್ಕೂ ಹೊತ್ತುಕೊಂಡು ಹೋದಳು. ಉಪ್ಪಳದ ತಂಗಿ ಕೇಳಿದ್ದು ಸರಿಯಾಗೇ ಉಂಟು.

ಬಾಯಾರಿನ ಭಾವ
ಸಿರಿಗೆ ಅಜ್ಜನ ಅರಮನೆ ಇತ್ತು, ಹೆಣ್ಣಿಗೂ ಹಕ್ಕು ಇರುವ ಅಳಿಯಕಟ್ಟು ಇತ್ತು. ಅಂಬೆಗೆ ಏನಿತ್ತು? ಹೋಲಿಕೆ ಅಷ್ಟು ಸುಲಭ ಅಲ್ಲ ಅಣ್ಣ.

ಕುಂಬಳೆ ಪೇಟೆ
ಆ ಅರಮನೆಗೇ ಅಲ್ವಾ ಭಾವ ಜಗಳ ಆದದ್ದು? ಹಕ್ಕಿದ್ದೂ ಸಿಗಲಿಲ್ಲ ಅವಳಿಗೆ. ಬರಿಗೈಯಲ್ಲೇ ಹೊರಟದ್ದು.

ಕಾಞಂಗಾಡು ಎಕ್ಸ್‌ಪ್ರೆಸ್
ನಾನು ಕೆಲಸ ಮಾಡುವ ಕಡೆ ಎಲ್ಲ ಮಲಯಾಳದವರು. ಊಟದ ಹೊತ್ತಿಗೆ ಈ ಚರ್ಚೆ ಹೇಳಿದೆ. ಒಬ್ಬರು ತಕ್ಷಣ ಮುಚ್ಚಿಲೋಟ್ ಭಗವತಿಯ ಕಥೆ ತೆಗೆದರು. ತೆಯ್ಯಂ, ಅಂದರೆ ನಮ್ಮ ಭೂತಕೋಲದಂಥ ಅಲ್ಲಿನ ಆರಾಧನೆ, ನೋಡಿದವರಿಗೆ ಗೊತ್ತಿರುತ್ತದೆ. ಪೆರಿಂಚೆಲ್ಲೂರಿನ, ಅಂದರೆ ಈಗಿನ ತಳಿಪರಂಬದ ಬ್ರಾಹ್ಮಣ ಹುಡುಗಿ, ದೊಡ್ಡ ಪಂಡಿತೆ. ಸಭೆಯಲ್ಲಿ ‘ರಸಗಳಲ್ಲಿ ದೊಡ್ಡದು ಯಾವುದು, ನೋವುಗಳಲ್ಲಿ ದೊಡ್ಡದು ಯಾವುದು’ ಅಂತ ಕೇಳಿದರು. ಕಾಮರಸ, ಹೆರಿಗೆನೋವು ಅಂದಳು. ಮದುವೆಯಾಗದ ಹುಡುಗಿಗೆ ಇದು ಹೇಗೆ ಗೊತ್ತು ಅಂತ ಹಾದರದ ಹೆಸರಿಟ್ಟು ಊರಿಂದ ಹೊರಹಾಕಿದರು. ಅವಳು ಬೆಂಕಿಗೆ ಹಾರಿದಳು. ಆ ದಾರಿಯಲ್ಲಿ ಎಣ್ಣೆ ಹೊತ್ತು ಬರುತ್ತಿದ್ದ ಗಾಣಿಗನ ಹತ್ತಿರ ಎಣ್ಣೆ ಸುರಿಯಲು ಹೇಳಿದಳಂತೆ.

ಅವಳೂ ಬೆಂಕಿಗೆ, ಅಂಬೆಯೂ ಬೆಂಕಿಗೆ. ಅವಳು ದೇವಿಯಾದಳು, ಅವಳ ದೊಡ್ಡ ತೆಯ್ಯಂ ಉತ್ಸವ ಪೆರುಂಕಳಿಯಾಟ್ಟ ನಡೆದರೆ ಜನಸಾಗರ. ನನ್ನ ಮಲಯಾಳಿ ಸ್ನೇಹಿತರು ಕೇಳಿದರು, ‘ನಿಮ್ಮ ಅಂಬೆಗೆ ಎಲ್ಲಿ ಗುಡಿ?’ ಉತ್ತರ ಹೊಳೆಯಲಿಲ್ಲ.

ಮುಳ್ಳೇರಿಯದವ
ಗುಡಿ ಕಟ್ಟಿದರೆ ಸರಿಹೋಯಿತಾ? ಬದುಕಿರುವಾಗ ಹೊರಹಾಕುವುದು, ಸತ್ತಮೇಲೆ ಕೈಮುಗಿಯುವುದು. ಎಲ್ಲ ಕಡೆ ಇದೇ ಕಥೆ.

ಚೆಂಡೆ ಪೆಟ್ಟು
ವಿಷಯಕ್ಕೆ ಬನ್ನಿ ಮಾರಾಯ್ರೇ. ಟೀಚರಿಗೆ ಇರುವುದು ಸ್ವಲ್ಪ ದಿನ.

ಪೆರ್ಲದ ಅಡಿಕೆ ತೋಟ
ನಾನು ಶಾಸ್ತ್ರ ಓದಿದವನಲ್ಲ. ಮನೆಯ ಒಂದು ಸಂಗತಿ ಹೇಳುತ್ತೇನೆ.

ನಮ್ಮ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಸಣ್ಣ ಪ್ರಾಯದಲ್ಲಿ ಮದುವೆ ನಿಶ್ಚಯ ಆಗಿ ತಪ್ಪಿಹೋಯಿತು. ಹುಡುಗನಿಗೂ ಇವರಿಗೂ ಮೊದಲೇ ಪರಿಚಯ, ಇಷ್ಟಪಟ್ಟೇ ಒಪ್ಪಿದ್ದು. ಕಾಗದ ಅಚ್ಚಾದ ಮೇಲೆ ಹುಡುಗನ ಕಡೆಯವರು ಬೇಡ ಅಂದರು. ಹುಡುಗನೂ ಬಾಯಿ ಬಿಡಲಿಲ್ಲ. ಅತ್ತೆ ಮತ್ತೆ ಮದುವೆಯೇ ಆಗಲಿಲ್ಲ, ನಮ್ಮ ಮನೆಯಲ್ಲೇ ಉಳಿದರು.

ಆ ಹುಡುಗನ ಬಗ್ಗೆ ಅವರ ಬಾಯಲ್ಲಿ ಒಂದು ಕೆಟ್ಟ ಮಾತು ನಾವು ಕೇಳಿಲ್ಲ. ಹಗೆ ಯಾರ ಮೇಲೆ? ಸಂಬಂಧ ತಂದ ದೊಡ್ಡಪ್ಪನ ಮೇಲೆ! ಅವರು ನಮ್ಮ ಅಂಗಳಕ್ಕೆ ಕಾಲಿಟ್ಟರೆ ಸಾಕು, ಅತ್ತೆ ಜಗಲಿಯಿಂದ ಎದ್ದು ಹೋಗಿ ಹಿಂದಿನ ಕೊಟ್ಟಿಗೆಯಲ್ಲಿ ಅಡಿಕೆ ಸುಲಿಯಲು ಕೂರುತ್ತಿದ್ದರು. ಸಿಪ್ಪೆ ಕೀಳುವ ಸದ್ದು ಜಗಲಿವರೆಗೆ ಕೇಳುತ್ತಿತ್ತು. ದೊಡ್ಡಪ್ಪ ಚಹಾ ಮುಗಿಸಿ ಹೊರಡುವವರೆಗೂ ನಿಲ್ಲಿಸುತ್ತಿರಲಿಲ್ಲ. ಅವರು ಕುಡಿದ ಲೋಟವನ್ನು ಬೇರೆ ಇಟ್ಟು ಬೂದಿ ಹಾಕಿ ಉಜ್ಜುತ್ತಿದ್ದರು. ದೊಡ್ಡಪ್ಪ ತೀರಿಕೊಂಡಾಗಲೂ ಹೋಗಲಿಲ್ಲ.

ಒಮ್ಮೆ ಅಮ್ಮ ಕೇಳಿದ್ದಕ್ಕೆ ಹೇಳಿದರಂತೆ, ‘ಅವನು ಹೆದರಿದ, ಹೆದರುವವ ಅಂತ ನನಗೆ ಗೊತ್ತೇ ಇತ್ತು. ಇವರು ಮಾತ್ರ ಎಲ್ಲ ನಾನು ನೋಡಿಕೊಳ್ಳುತ್ತೇನೆ ಅಂದಿದ್ದರು.’

ಟೀಚರಿಗೆ ಉಪಯೋಗ ಆದರೆ ತೆಗೆದುಕೊಳ್ಳಿ.

ನೀರ್ಚಾಲಿನ ಟೀಚರ್
ಅಣ್ಣ, ಇದನ್ನು ಓದಿ ತುಂಬ ಹೊತ್ತು ಸುಮ್ಮನೆ ಕೂತೆ. ‘ಎಲ್ಲ ನಾನು ನೋಡಿಕೊಳ್ಳುತ್ತೇನೆ’ ಅನ್ನುವವನೇ ಭೀಷ್ಮ ಅಲ್ವಾ! ಅಪ್ಪನಿಗೆ ಮದುವೆ ಮಾಡಿಸಿದ, ತಮ್ಮನಿಗೆ ಹೆಣ್ಣು ತಂದ, ರಾಜ್ಯ ನೋಡಿಕೊಂಡ. ಅಂಬೆಗೆ ಮಾತ್ರ ‘ನನ್ನಿಂದಾಗದು’.

ಹೊಸಂಗಡಿ ವಕೀಲೆ
ಟೀಚರೇ, ನಾನೂ ಇದೇ ಗುಂಪಿನಲ್ಲಿ ಇದ್ದೇನೆ ಅನ್ನುವುದು ಮರೆತಿರಾ? ಎಲ್ಲ ಓದುತ್ತಾ ಇದ್ದೇನೆ. ನಿಮ್ಮ ಬತ್ತಳಿಕೆಯ ಬಾಣ ಒಂದೊಂದಾಗಿ ಕಾಣುತ್ತಾ ಉಂಟು.

ಬಾಯಾರಿನ ಭಾವ
ಹಹಹ! ಭೀಷ್ಮರು ಬಂದರು.

ಕಾಞಂಗಾಡು ಎಕ್ಸ್‌ಪ್ರೆಸ್
ಅಂಬೆಯ ಚಲನವಲನ ತಿಳಿಯಲು ಗೂಢಚಾರರು!

ಪಯಸ್ವಿನಿ ದಂಡೆ
ತಮಾಷೆ ಅಲ್ಲ, ಮೂಲದಲ್ಲೂ ಹಾಗೇ ಉಂಟು. ಅಂಬೆ ಕಾಡಿಗೆ ಹೋದಮೇಲೆ ಭೀಷ್ಮ ಅವಳ ಹಿಂದೆ ಜನ ಇಡುತ್ತಾನೆ. ಅವಳು ಎಲ್ಲಿ ಹೋದಳು, ಏನು ಮಾಡಿದಳು ಅಂತ ದಿನಾ ವರದಿ.

ಹೊಸಂಗಡಿ ವಕೀಲೆ
ಸರಿ, ಭೀಷ್ಮನ ಪರವಾಗಿ ಒಂದೆರಡು ಮಾತು. ಕಾಶೀರಾಜನೇ ಮಕ್ಕಳನ್ನು ಪಣಕ್ಕಿಟ್ಟದ್ದು, ಬಲ ಇದ್ದವನು ಒಯ್ಯಲಿ ಅಂತ. ಭೀಷ್ಮ ಸಭೆಯಲ್ಲಿ ಹೇಳಿಯೇ ಒಯ್ದ, ತಡೆಯಲು ಬಂದವರನ್ನೆಲ್ಲ ಸೋಲಿಸಿದ. ಅಂಬೆಗೂ ಸಾಲ್ವನಿಗೂ ಒಪ್ಪಂದ ಇದ್ದದ್ದು ಗುಟ್ಟಾಗಿ, ಹೆತ್ತ ಅಪ್ಪನಿಗೇ ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಸತ್ಯವತಿಯನ್ನು, ಮಂತ್ರಿಗಳನ್ನು, ಪುರೋಹಿತರನ್ನು ಕೇಳಿ, ವೃದ್ಧ ಬ್ರಾಹ್ಮಣರನ್ನೂ ದಾದಿಯನ್ನೂ ಜೊತೆಗಿಟ್ಟು ಕಳಿಸಿಕೊಟ್ಟ. ಇದಕ್ಕಿಂತ ಹೆಚ್ಚು ಏನು ಮಾಡಬೇಕಿತ್ತು?

ಇನ್ನೊಂದು. ‘ನನ್ನ ಮನಸ್ಸು ಸಾಲ್ವನಲ್ಲಿ ಇದ್ದದ್ದು ಗೊತ್ತಿಲ್ಲದೆ ಭೀಷ್ಮ ನನ್ನನ್ನು ಒಯ್ದ’ ಅಂತ ಋಷಿಗಳ ಎದುರು ಅಂಬೆಯೇ ಹೇಳುತ್ತಾಳೆ. ಫಿರ್ಯಾದಿಯೇ ಒಪ್ಪಿಕೊಂಡ ಮೇಲೆ ನಾನು ವಾದ ಮಾಡಬೇಕಾ?

ನೀರ್ಚಾಲಿನ ಟೀಚರ್
ಗೊತ್ತಿರಲಿಲ್ಲ ಅನ್ನುವುದೇ ಅಲ್ವಾ ನನ್ನ ದೂರು? ಬಿಲ್ಲು ಎತ್ತುವ ಮೊದಲು, ರಥ ಹತ್ತಿಸುವ ಮೊದಲು, ‘ಮಗಳೇ, ನಿನಗೆ ಒಪ್ಪಿಗೆಯಾ’ ಅಂತ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ, ಅದಕ್ಕೇ ಗೊತ್ತಿರಲಿಲ್ಲ. ಅದೂ ತನಗಾಗಿ ಅಲ್ಲ. ಸ್ವಯಂವರಕ್ಕೆ ಬಾರದ ತಮ್ಮನಿಗಾಗಿ.

ಹೊಸಂಗಡಿ ವಕೀಲೆ
ಈ ಮಾತನ್ನು ಭಾನುವಾರದ ಕೂಟಕ್ಕೆ ಇಟ್ಟುಕೊಳ್ಳಬೇಕಿತ್ತು ನೀವು. ಉತ್ತರ ಹುಡುಕಲು ನನಗೆ ಈಗ ಸಮಯ ಸಿಕ್ಕಿತು.

ಚೆಂಡೆ ಪೆಟ್ಟು
ಅಬ್ಬಾ, ಇಲ್ಲಿಯೇ ಕೂಟ ಮುಗಿಯುವ ಹಾಗೆ ಕಾಣುತ್ತದೆ. ಚಹಾ ಅವಲಕ್ಕಿ ಇಲ್ಲಿಗೇ ಕಳಿಸಿ.

ಕುಂಬಳೆ ಪೇಟೆ
ಆಟಿಯಲ್ಲಿ ಅವಲಕ್ಕಿ ಯಾಕೆ? ಪತ್ರೊಡೆ ಇಲ್ಲವಾ?

ಉಪ್ಪಳದ ಕಾಲೇಜು ಹುಡುಗಿ
ಪತ್ರೊಡೆ ಇದ್ದರೆ ನಾನು ಬರುತ್ತೇನೆ. ಬಸ್ಸು ಎಷ್ಟು ಹೊತ್ತಿಗೆ ಉಂಟು ಅಂತ ಹೇಳಿ ಯಾರಾದರೂ.

ಮುಳ್ಳೇರಿಯದವ
ನಾನು ಒಮ್ಮೆ ಕೇಳಿದ ಕೂಟದ ಕಥೆ ಹೇಳಲೇಬೇಕು. ಭೀಷ್ಮನ ಅರ್ಥ ಹೇಳಿದವರು ದೊಡ್ಡ ಹೆಸರಿನವರು. ಶುರು ಮಾಡಿದರೆ ಮುಗಿಯುವುದೇ ಇಲ್ಲ. ಶಂತನು, ಗಂಗೆ, ಬ್ರಹ್ಮಚರ್ಯ, ಪ್ರತಿಜ್ಞೆಯ ಮಹತ್ವ, ಚಪ್ಪಾಳೆ ಮೇಲೆ ಚಪ್ಪಾಳೆ. ಅಂಬೆ ಹೇಳುವವರು ಹೊಸಬರು, ಪಾಪ, ಬಾಯಿ ಹಾಕಲು ಸಂದಿ ಸಿಗುತ್ತಿಲ್ಲ. ಕೊನೆಗೆ ಭೀಷ್ಮ ನೀರು ಕುಡಿಯಲು ನಿಲ್ಲಿಸಿದರು. ಆಗ ಇವರು ತಣ್ಣಗೆ ಕೇಳಿದರು: ‘ಪ್ರತಿಜ್ಞೆ ನಿಮ್ಮದು, ಕೀರ್ತಿ ನಿಮ್ಮದು. ದಂಡ ಮಾತ್ರ ನಾನು ಕಟ್ಟಬೇಕಾ?’ ಸಭೆ ನಿಶ್ಶಬ್ದ. ಭೀಷ್ಮರ ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು. ಭಾಗವತರಿಗೆ ಅಂದಾಜಾಗಿ ಮುಂದಿನ ಪದ್ಯ ಎತ್ತಿಕೊಂಡರು.

ಹಾಗಾಗಿ ಟೀಚರೇ, ಉದ್ದ ಮಾತು ಭೀಷ್ಮನಿಗೆ ಬಿಡಿ.

ಬಾಯಾರಿನ ಭಾವ
ಅರೇ, ಪುಕ್ಕಲ ಅಂತ ಒಂದು ಸಾಲು ಬರೆದವರು ಇವರೇನಾ?

ಉಪ್ಪಳದ ಕಾಲೇಜು ಹುಡುಗಿ
ಹಾಗಾದರೆ ಕೊನೆಗೆ ಅವಳಿಗೆ ಬೇಕಾದ್ದು ಸಿಕ್ಕಿತಾ? ಶಿಖಂಡಿಯಾಗಿ ಭೀಷ್ಮನನ್ನು ಕೊಂದಳಲ್ಲ?

ಪಯಸ್ವಿನಿ ದಂಡೆ
ಅಲ್ಲೇ ಉಂಟು ತಂಗೀ ಕಹಿ. ಯಮುನೆಯ ದಡದಲ್ಲಿ 12 ವರ್ಷ ತಪಸ್ಸು. ಗಾಳಿ ಕುಡಿದು ಇದ್ದಳು, ನೀರೊಳಗೆ ನಿಂತಳು, ಉದುರಿದ ಎಲೆ ತಿಂದಳು. ತನ್ನ ಮಗ ಭೀಷ್ಮನ ಸಾವಿಗೆ ಇಷ್ಟು ಕಷ್ಟಪಡುವವಳನ್ನು ಕಂಡು ಗಂಗೆಗೆ ಸಿಟ್ಟು ಬಂತು. ಮಳೆಗಾಲದಲ್ಲಿ ಮಾತ್ರ ಹರಿಯುವ, ಮೊಸಳೆ ತುಂಬಿದ, ಡೊಂಕು ನದಿಯಾಗು ಅಂದಳು. ವತ್ಸದೇಶದಲ್ಲಿ ಅವಳ ಅರ್ಧ ಮೈ ನದಿಯಾಯಿತು, ಇನ್ನರ್ಧ ಹೆಣ್ಣಾಗಿಯೇ ಉಳಿಯಿತು. ನಮ್ಮೂರ ತೋಡುಗಳ ಹಾಗೆ, ಆಟಿಯಲ್ಲಿ ದಡ ಮೀರುವುದು, ಬೇಸಿಗೆಯಲ್ಲಿ ಬರೀ ಕಲ್ಲು. ಉಳಿದ ಅರ್ಧದಲ್ಲೂ ತಪಸ್ಸು ಮುಂದುವರಿಸಿದಳು! ಶಿವ ಬಂದು ವರ ಕೊಟ್ಟ. ಆಗಲೂ ಕಾಯಲಿಲ್ಲ, ತಾನೇ ಚಿತೆ ಒಟ್ಟಿ ‘ಭೀಷ್ಮನ ವಧೆಗಾಗಿ’ ಅಂತ ಬೆಂಕಿ ಹೊಕ್ಕಳು.

ದ್ರುಪದನ ಮನೆಯಲ್ಲಿ ಹೆಣ್ಣಾಗಿ ಹುಟ್ಟಿದಳು. ಗಂಡು ಅಂತ ಹೇಳಿ ಬೆಳೆಸಿದರು, ದಶಾರ್ಣದ ರಾಜನ ಮಗಳ ಜೊತೆ ಮದುವೆಯನ್ನೂ ಮಾಡಿದರು. ಗುಟ್ಟು ಬಯಲಾದಾಗ ಸ್ಥೂಣಾಕರ್ಣ ಅನ್ನುವ ಯಕ್ಷ ತನ್ನ ಗಂಡಸುತನ ಕೊಟ್ಟ. ಯುದ್ಧದ 10ನೇ ದಿನ ಶಿಖಂಡಿ ಮುಂದೆ, ಅರ್ಜುನ ಹಿಂದೆ. ಬಾಣ ನಾಟುತ್ತಿರುವಾಗ ಭೀಷ್ಮ ಏನು ಹೇಳಿದ ಗೊತ್ತಾ? ‘ಇವು ಶಿಖಂಡಿಯ ಬಾಣಗಳಲ್ಲ, ಅರ್ಜುನನವು.’

ಉಪ್ಪಳದ ಕಾಲೇಜು ಹುಡುಗಿ
ಛೇ! ಅದನ್ನೂ ಕೊಡಲಿಲ್ಲವಾ ಅವನು?

ಪೆರ್ಲದ ಅಡಿಕೆ ತೋಟ
ಎರಡು ಜನ್ಮದ ಬಡ್ಡಿ ಸೇರಿಸಿ ಸಾಲ ವಸೂಲಿಗೆ ಬಂದರೆ, ಸಾಲಗಾರ ‘ನಿನ್ನನ್ನು ನಾನು ಗುರುತಿಸುವುದಿಲ್ಲ’ ಅಂದ ಹಾಗಾಯಿತು.

ಬಾಯಾರಿನ ಭಾವ
ಗುರುತಿಸದೆ ಏನು, ಚೆನ್ನಾಗಿ ಗುರುತಿಸಿದ್ದ. ಅದಕ್ಕೇ ಅಲ್ವಾ ಶಿಖಂಡಿಯ ಮೇಲೆ ಬಾಣ ಬಿಡುವುದಿಲ್ಲ ಅಂತ ಮೊದಲೇ ಹೇಳಿದ್ದು. ಇದನ್ನೂ ನೋಡಿ, ಅಂಬೋಪಾಖ್ಯಾನ ಪೂರ್ತಿ ಹೇಳುವವನು ಭೀಷ್ಮನೇ. ಶಿಖಂಡಿಯನ್ನು ಯಾಕೆ ಕೊಲ್ಲುವುದಿಲ್ಲ ಅಂತ ದುರ್ಯೋಧನ ಕೇಳಿದ್ದಕ್ಕೆ ಹೇಳಿದ ಕಥೆ. ಅವಳ ಅಳು, ಅವಳ ಧಿಕ್ಕಾರ, ಅವಳ ಬೆಂಕಿ ಎಲ್ಲ ನಮಗೆ ಗೊತ್ತಾಗುವುದು ಅವನ ಬಾಯಿಂದ. ಅವಳು ಕಾಡಿಗೆ ಹೋದ ದಿನದಿಂದ ತಾನು ಮನಸ್ಸು ಕೆಟ್ಟು ದೀನನಾಗಿದ್ದೆ ಅಂತಲೂ ಹೇಳಿಕೊಳ್ಳುತ್ತಾನೆ.

ಹೊಸಂಗಡಿ ವಕೀಲೆ
ಭಾವ, ಇದು ನನಗೆ ಬೇಕಾದದ್ದು. ತನ್ನ ವಿರುದ್ಧದ ದೂರನ್ನು ಒಂದಕ್ಷರ ಬಿಡದೆ ತಾನೇ ಓದಿ ಹೇಳುವ ಆರೋಪಿ ಎಲ್ಲಿ ಸಿಗುತ್ತಾನೆ?

ನೀರ್ಚಾಲಿನ ಟೀಚರ್
ಒಂದಕ್ಷರ ಬಿಟ್ಟಿಲ್ಲ ಅಂತ ಸಾಕ್ಷಿ ಯಾರು ವಕೀಲರೇ? ಅವನೇ ತಾನೇ?

ಕಾಞಂಗಾಡು ಎಕ್ಸ್‌ಪ್ರೆಸ್
ಟೀಚರಿಗೆ ಈಗ ಅಂಬೆ ಮೈಮೇಲೆ ಬಂದಳು.

ಚೆಂಡೆ ಪೆಟ್ಟು
ದ್ರುಪದನ ಬಾಗಿಲಲ್ಲಿ ಅಂಬೆ ಹೂಮಾಲೆ ನೇತುಹಾಕುವುದು, ಶಿಖಂಡಿ ಅದನ್ನು ಕೊರಳಿಗೆ ಹಾಕಿಕೊಳ್ಳುವುದು, ಅದೆಲ್ಲ ಇಲ್ಲವಾ ಹಾಗಾದರೆ?

ಪಯಸ್ವಿನಿ ದಂಡೆ
ಉದ್ಯೋಗಪರ್ವದ ಈ ಭಾಗದಲ್ಲಿ ಇಲ್ಲ. ಕಥೆ ಊರೂರು ತಿರುಗುವಾಗ ಸೇರಿದ್ದು. ಆದರೆ ಕೂಟದಲ್ಲಿ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ, ಚಂದ ಉಂಟು.

ಹೊಸಂಗಡಿ ವಕೀಲೆ
ಟೀಚರೇ, ಅದಿರಲಿ. ಸಾಲ್ವನಿಗೆ ಜನ ಸಿಕ್ಕಿದರಾ?

ನೀರ್ಚಾಲಿನ ಟೀಚರ್
ಇಲ್ಲ! ಕೇಳಿದವರೆಲ್ಲ ನಕ್ಕು ತಪ್ಪಿಸಿಕೊಳ್ಳುತ್ತಾರೆ. ಕೂತು ಬೈಸಿಕೊಳ್ಳಲಿಕ್ಕೆ ಅರ್ಥ ಹೇಳಬೇಕಾ ಅಂತ. ತಂಡದಲ್ಲಿ ಆಗದಿದ್ದರೆ ಹೊರಗಿನವರು ಗಂಡಸರಾದರೂ ಪರವಾಗಿಲ್ಲ ಅಂತ ತೀರ್ಮಾನ ಆಗಿದೆ.

ಪೆರ್ಲದ ಅಡಿಕೆ ತೋಟ
ನಾನು ಹೇಳಬಹುದಾ? ಸಣ್ಣವನಿದ್ದಾಗ ದೂತ, ಚಾರಕ ಎಲ್ಲ ಹೇಳಿದ ಅಭ್ಯಾಸ ಉಂಟು. ಆದರೆ ಒಂದು ಷರತ್ತು. ಸಾಲ್ವನನ್ನು ಬರೀ ಪುಕ್ಕಲ ಮಾಡಿ ಕೂರಿಸಲು ನನ್ನಿಂದಾಗದು. ಅವನೂ ಅವಳಿಗಾಗಿ ಭೀಷ್ಮನ ರಥ ಅಡ್ಡಗಟ್ಟಿದವನು. ಎಲ್ಲರ ಎದುರು ಸೋತು, ಜೀವದಾನ ಪಡೆದು, ಊರಿಗೆ ಬಂದು ಸಿಂಹಾಸನದಲ್ಲಿ ಕೂರಬೇಕಾಯಿತು. ಆಮೇಲೆ ಗೆದ್ದವನೇ ‘ತೆಗೆದುಕೋ’ ಅಂತ ಅವಳನ್ನು ಕಳಿಸಿದ್ದಾನೆ. ಅವನಿಗೂ ಸ್ವಲ್ಪ ಹೇಳಲಿಕ್ಕೆ ಇರುತ್ತದೆ.

ಮುಳ್ಳೇರಿಯದವ
ಓಹೋ! ನಾನು ಮುಂದಿನ ಸಾಲಲ್ಲೇ ಕೂರುತ್ತೇನೆ.

ನೀರ್ಚಾಲಿನ ಟೀಚರ್
ಅಣ್ಣ, ಧಾರಾಳ ಹೇಳಿ. ಆದರೆ ನೀವು ಅಷ್ಟು ಚೆನ್ನಾಗಿ ಹೇಳಿದರೆ ನಾನು ಸಿಟ್ಟು ಯಾರ ಮೇಲೆ ಮಾಡಲಿ?

ಹೊಸಂಗಡಿ ವಕೀಲೆ
ನನ್ನ ಮೇಲೆ ಮಾಡಿ, ಅಭ್ಯಾಸ ಉಂಟು. ಆದರೆ ಸಾಲ್ವನೂ ವಾದಕ್ಕಿಳಿದರೆ ಮೂರು ಗಂಟೆಗೆ ಪ್ರಸಂಗ ಮುಗಿಯುವುದಿಲ್ಲ. ಭಾಗವತರಿಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ.